ಸೊರಗಿದ ಕೆನ್ನೆಗೆ ತೊಡೆಯ ಸ್ನಾಯು

ಮುಖಕ್ಕೆ ಲಕ್ವ ಹೊಡೆದರೆ ನಮ್ಮಲ್ಲಿ ಮೊದಲು ಕೇಳಿಬರುವ ಮಾತು, 'ತಾನಾಗಿಯೇ ಸರಿಹೋಗುತ್ತೆ ಬಿಡಿ.' ಸ್ಪಷ್ಟ ಕಾರಣವಿಲ್ಲದೆ ದಿಢೀರನೆ ಬರುವ ಬೆಲ್ಸ್ ಪಾಲ್ಸಿಯಾದರೆ ಅದು ಬಹುಮಟ್ಟಿಗೆ ನಿಜ. ಆದರೆ ಅಪಘಾತದಲ್ಲಿಯೋ, ಕಿವಿಯ ನರದ ಗಡ್ಡೆ ಅಥವಾ ಜೊಲ್ಲುಗ್ರಂಥಿಯ ಕ್ಯಾನ್ಸರ್ ತೆಗೆಯುವಾಗಲೋ ಮುಖದ ನರವೇ ತುಂಡಾದವರಿಗೂ ಇದೇ ಸಮಾಧಾನ ಹೇಳಿ ಕೂರಿಸುವುದು ಅನ್ಯಾಯ. ನರದ ಸಂಪರ್ಕ ಕಳೆದುಕೊಂಡ ಸ್ನಾಯು ಸುಮಾರು 12ರಿಂದ 18 ತಿಂಗಳು ಮಾತ್ರ ಜೀವ ಹಿಡಿದುಕೊಂಡಿರುತ್ತದೆ. ಅಷ್ಟರೊಳಗೆ ಬಂದರೆ ಕಾಲಿನಿಂದ ತೆಗೆದ ನರವನ್ನು ನಡುವೆ ಕಸಿ ಮಾಡಬಹುದು, ಇಲ್ಲವೇ ಅಗಿಯುವ ಸ್ನಾಯುವಿನ ನರದ ಕವಲೊಂದನ್ನು ಮುಖದ ನರಕ್ಕೆ ಜೋಡಿಸಬಹುದು.

ಆ ಗಡುವು ಮೀರಿದವರಿಗೂ ದಾರಿ ಇದೆ. 1976ರಲ್ಲಿ ಜಪಾನಿನ ಕಿಯೊನೊರಿ ಹಾರೀ ಮತ್ತು ಸಂಗಡಿಗರು ತೊಡೆಯ ಒಳಬದಿಯ ಗ್ರಾಸಿಲಿಸ್ ಸ್ನಾಯುವನ್ನು ರಕ್ತನಾಳ, ನರಗಳ ಸಮೇತ ಕೆನ್ನೆಗೆ ತಂದು ಕೂರಿಸಿದ ವರದಿ ಪ್ರಕಟಿಸಿದರು. ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಗೆ. ಆ ಸ್ನಾಯುವಿನ ಕೆಲಸವನ್ನು ತೊಡೆಯ ಉಳಿದ ಸ್ನಾಯುಗಳು ವಹಿಸಿಕೊಳ್ಳುವುದರಿಂದ ನಡಿಗೆಗೆ ಹೆಚ್ಚೇನೂ ತೊಂದರೆಯಿಲ್ಲ.

ಹೊಸ ಸ್ನಾಯುವಿಗೆ ಯಾವ ನರ ಕೊಡಬೇಕು ಎಂಬುದೇ ನಿಜವಾದ ಪ್ರಶ್ನೆ. ಅಗಿಯುವ ನರ ಕೊಟ್ಟರೆ ಒಂದೇ ಶಸ್ತ್ರಚಿಕಿತ್ಸೆ ಸಾಕು, ಚಲನೆಗೆ ಬಲವೂ ಹೆಚ್ಚು. ಆದರೆ ಮೊದಮೊದಲು ಹಲ್ಲು ಕಚ್ಚಿದರಷ್ಟೇ ನಗು. ಕನ್ನಡಿಯ ಮುಂದೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಅನೇಕರು ಕಚ್ಚದೆಯೂ ನಗಲು ಕಲಿಯುತ್ತಾರೆ. ಎರಡನೆಯ ದಾರಿ ನಿಧಾನದ್ದು. ಮುಖದ ಸರಿಯಿರುವ ಬದಿಯ ನರದ ಕವಲಿಗೆ ಕಾಲಿನ ನರವನ್ನು ಜೋಡಿಸಿ, ಮೇಲ್ದುಟಿಯೊಳಗಿಂದ ಈಚೆ ಬದಿಗೆ ಹಾಯಿಸುತ್ತಾರೆ. ನರತಂತು ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಆರೇಳು ತಿಂಗಳು ಕಳೆದ ಮೇಲೆ ವೈದ್ಯರು ಆ ತುದಿಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ಜುಮ್ಮೆಂದರೆ ನರ ಬಂದು ತಲುಪಿದೆ ಎಂದರ್ಥ. ಸ್ನಾಯುವಿನ ಕಸಿ ಆಮೇಲೆ. ಚಲನೆ ಕಾಣಲು ಮತ್ತೂ ತಿಂಗಳುಗಳು ಬೇಕು. ಆದರೂ ಚಿಕ್ಕ ಮಕ್ಕಳಿಗೆ ಈ ಕಾಯುವಿಕೆ ಸಾರ್ಥಕ ಎಂದೇ ನನ್ನ ಭಾವನೆ, ಏಕೆಂದರೆ ನಗು ಬಂದಾಗ ಎರಡೂ ಕೆನ್ನೆಗೆ ಒಂದೇ ನರದ ಸೂಚನೆ ಹೋಗುತ್ತದೆ, ಹಲ್ಲು ಕಚ್ಚಬೇಕಿಲ್ಲ. ಮೋಬಿಯಸ್ ಸಿಂಡ್ರೋಮಿನೊಂದಿಗೆ ಹುಟ್ಟಿದ ಮಕ್ಕಳಲ್ಲಿ ಸಾಮಾನ್ಯವಾಗಿ ಎರಡೂ ಬದಿಯ ನರ ಕೈಕೊಟ್ಟಿರುವುದರಿಂದ ಎರವಲು ತರಲು ಆರೋಗ್ಯವಂತ ಬದಿಯೇ ಇರುವುದಿಲ್ಲ. ಅವರಿಗೆ ಟೊರೊಂಟೊದ ರೊನಾಲ್ಡ್ ಜುಕರ್ ಅಗಿಯುವ ನರವನ್ನೇ ಬಳಸಿ ಎರಡೂ ಕೆನ್ನೆಗಳಿಗೆ ಚಲನೆ ತಂದರು.

ಕಣ್ಣಿನ ವಿಷಯದಲ್ಲಂತೂ ತಡಮಾಡುವಂತಿಲ್ಲ. ರೆಪ್ಪೆ ಮುಚ್ಚದಿದ್ದರೆ ಕಾರ್ನಿಯಾ ಒಣಗಿ ಹುಣ್ಣಾಗುತ್ತದೆ. ಮೇಲ್ರೆಪ್ಪೆಯೊಳಗೆ ಒಂದು ಗ್ರಾಂ ಆಸುಪಾಸಿನ ಚಿನ್ನದ ಅಥವಾ ಪ್ಲಾಟಿನಮ್ ತುಣುಕು ಇಟ್ಟು ಹೊಲಿದರೆ ಅದರ ಭಾರಕ್ಕೇ ರೆಪ್ಪೆ ಇಳಿಯುತ್ತದೆ. ಕುಷ್ಠರೋಗದಿಂದ ರೆಪ್ಪೆಯ ಶಕ್ತಿ ಕಳೆದುಕೊಂಡವರಿಗೆ ಕಣತಲೆಯ ಟೆಂಪೊರಾಲಿಸ್ ಸ್ನಾಯುವಿನ ಪಟ್ಟಿಯನ್ನು ರೆಪ್ಪೆಗಳಿಗೆ ಎಳೆದು ಕಟ್ಟುವ ಶಸ್ತ್ರಚಿಕಿತ್ಸೆ ಭಾರತದಲ್ಲಿ ನಡೆದುಬಂದಿದೆ. ಊಟ ಮಾಡುವಾಗ ಅಗಿದಂತೆಲ್ಲ ಕಣ್ಣು ಮುಚ್ಚುತ್ತದೆ, ಆದರೆ ದೃಷ್ಟಿ ಉಳಿಯುತ್ತದೆ.

ಕ್ಯಾನ್ಸರ್ ಗಡ್ಡೆಯ ಜೊತೆ ಮುಖದ ನರವನ್ನೂ ಕತ್ತರಿಸಲೇಬೇಕಾದಾಗ, ಅದೇ ಟೇಬಲಿನ ಮೇಲೆ, ಅದೇ ದಿನ ನರದ ಕಸಿ ಮಾಡಲು ಎಷ್ಟೋ ವೇಳೆ ಸಾಧ್ಯ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಪ್ಲಾಸ್ಟಿಕ್ ಸರ್ಜನ್ ಜೊತೆಗಿರುತ್ತಾರೆಯೇ ಎಂದು ಮನೆಯವರು ಕೇಳಿ ತಿಳಿದುಕೊಳ್ಳಲಿ.