ಶಾಲೆಗಳಿಗೆ ಐದು ವರ್ಷ ಬೀಗ

1959ರ ಸೆಪ್ಟೆಂಬರ್‌ನಲ್ಲಿ ಬೇಸಿಗೆ ರಜೆ ಮುಗಿದರೂ ಅಮೆರಿಕದ ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಸರ್ಕಾರಿ ಶಾಲೆಗಳ ಬಾಗಿಲು ತೆರೆಯಲಿಲ್ಲ. ಪ್ರವಾಹ ಬಂದಿರಲಿಲ್ಲ, ಸಾಂಕ್ರಾಮಿಕ ರೋಗ ಹಬ್ಬಿರಲಿಲ್ಲ, ಶಿಕ್ಷಕರು ಮುಷ್ಕರ ಹೂಡಿರಲಿಲ್ಲ. ಕರಿಯರ ಮಕ್ಕಳನ್ನೂ ಬಿಳಿಯರ ಮಕ್ಕಳನ್ನೂ ಪ್ರತ್ಯೇಕ ಶಾಲೆಗಳಲ್ಲಿ ಕೂರಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತ್ತು. ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಯೇ ಬೇಡ ಎಂದು ಕೌಂಟಿಯನ್ನು ಆಳುತ್ತಿದ್ದವರು ತೀರ್ಮಾನಿಸಿದ್ದರು.

ಪ್ರಿನ್ಸ್ ಎಡ್ವರ್ಡ್ ಹೊಗೆಸೊಪ್ಪು ಬೆಳೆಯುವ ಹಳ್ಳಿಗಾಡು. ಅದರ ಆಡಳಿತ ಕೇಂದ್ರ ಫಾರ್ಮ್‌ವಿಲ್ ಎಂಬ ಸಣ್ಣ ಪಟ್ಟಣ. ಅಮೆರಿಕದಲ್ಲಿ ಸರ್ಕಾರಿ ಶಾಲೆ ನಡೆಸುವ ಹೊಣೆ ಬಹುಮಟ್ಟಿಗೆ ಸ್ಥಳೀಯ ಶಾಲಾ ಜಿಲ್ಲೆಗಳದು. ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ವರ್ಜೀನಿಯಾದಲ್ಲಿ ಶಾಲಾ ಮಂಡಳಿಗೆ ತಾನೇ ತೆರಿಗೆ ಹಾಕುವ ಅಧಿಕಾರವಿಲ್ಲ. ಹಣ ಮಂಜೂರು ಮಾಡಬೇಕಾದವರು ಕೌಂಟಿಯ ಸೂಪರ್‌ವೈಸರ್‌ಗಳು, ಅಂದರೆ ಅಲ್ಲಿನ ಚುನಾಯಿತ ಆಡಳಿತ ಸಮಿತಿಯವರು. ಇಷ್ಟು ತಿಳಿದರೆ ಮುಂದಿನದು ಅರ್ಥವಾಗುತ್ತದೆ. ಶಾಲೆ ಮುಚ್ಚಲು ಪೊಲೀಸರು ಬೇಕಾಗಲಿಲ್ಲ. ಬಜೆಟ್ಟಿನಲ್ಲಿ ಹಣ ಇಡದಿದ್ದರೆ ಸಾಕಾಯಿತು.

ಜಗಳದ ಬೇರು 1951ರಲ್ಲಿದೆ. ಫಾರ್ಮ್‌ವಿಲ್‌ನಲ್ಲಿ ಕರಿಯರಿಗಾಗಿ 1939ರಲ್ಲಿ ಕಟ್ಟಿದ ರಾಬರ್ಟ್ ಮೋಟನ್ ಪ್ರೌಢಶಾಲೆಯಲ್ಲಿ 180 ಮಕ್ಕಳಿಗೆ ಜಾಗವಿತ್ತು. ಕಲಿಯುತ್ತಿದ್ದವರು 450ಕ್ಕೂ ಹೆಚ್ಚು. ಹೊಸ ಕಟ್ಟಡ ಕೇಳಿದಾಗ ಸಿಕ್ಕಿದ್ದು ಮರದ ಚೌಕಟ್ಟಿಗೆ ಡಾಂಬರು ಕಾಗದ ಹೊದಿಸಿದ ಷೆಡ್ಡುಗಳು. ಮಳೆ ಬಂದರೆ ಸೋರುತ್ತಿದ್ದವು. ಚಳಿಗಾಲದಲ್ಲಿ ಒಲೆಯ ಪಕ್ಕ ಕೂತವರು ಬೆವರುತ್ತಿದ್ದರು, ಮೂಲೆಯಲ್ಲಿ ಕೂತವರು ಕೋಟು ತೆಗೆಯುತ್ತಿರಲಿಲ್ಲ. ಊರವರು ಅವುಗಳನ್ನು ಕೋಳಿಗೂಡು ಎಂದೇ ಕರೆಯುತ್ತಿದ್ದರು.

ಏಪ್ರಿಲ್ 23ರಂದು ಮುಖ್ಯೋಪಾಧ್ಯಾಯರಿಗೆ ಒಂದು ಫೋನ್ ಬಂತು: ಬಸ್ ನಿಲ್ದಾಣದಲ್ಲಿ ನಿಮ್ಮ ಹುಡುಗರು ತೊಂದರೆಯಲ್ಲಿ ಸಿಕ್ಕಿಕೊಂಡಿದ್ದಾರೆ. ಅವರು ಆ ಕಡೆ ಹೋದದ್ದೇ ತಡ, ಮಕ್ಕಳೆಲ್ಲ ಸಭಾಂಗಣಕ್ಕೆ ಬರಬೇಕೆಂಬ ಚೀಟಿ ತರಗತಿಗಳಿಗೆ ಹೋಯಿತು. ಪರದೆ ಸರಿದಾಗ ವೇದಿಕೆಯ ಮೇಲೆ ನಿಂತಿದ್ದವಳು 16 ವರ್ಷದ ಬಾರ್ಬರಾ ಜಾನ್ಸ್. ಶಿಕ್ಷಕರನ್ನು ಹೊರಗೆ ಹೋಗುವಂತೆ ಕೇಳಿಕೊಂಡು ಅವಳು ಮುಷ್ಕರಕ್ಕೆ ಕರೆ ಕೊಟ್ಟಳು. ಎರಡು ವಾರ ಯಾರೂ ತರಗತಿಗೆ ಕಾಲಿಡಲಿಲ್ಲ. ಫೋನಿನ ಕರೆ ಸುಳ್ಳು ಎಂದು ಬೇರೆ ಹೇಳಬೇಕಾಗಿಲ್ಲ.

ಮಕ್ಕಳು ಕೇಳಿದ್ದು ಒಳ್ಳೆಯ ಶಾಲೆಯನ್ನು ಮಾತ್ರ. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸಂಸ್ಥೆಯ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಒಂದು ಷರತ್ತು ಹಾಕಿದರು: ಚೆಂದದ ಪ್ರತ್ಯೇಕ ಶಾಲೆಗಾಗಿ ವಾದಿಸುವುದಿಲ್ಲ, ಪ್ರತ್ಯೇಕತೆಯನ್ನೇ ಪ್ರಶ್ನಿಸುವುದಾದರೆ ಬರುತ್ತೇವೆ. ಮಕ್ಕಳೂ ತಂದೆತಾಯಿಯರೂ ಒಪ್ಪಿದರು. 117 ವಿದ್ಯಾರ್ಥಿಗಳ ಪರವಾಗಿ ಹೂಡಿದ ಆ ದಾವೆ, ವಿಖ್ಯಾತ ಬ್ರೌನ್ ಪ್ರಕರಣದೊಳಗೆ ಸೇರಿದ ಐದು ದಾವೆಗಳಲ್ಲಿ ಒಂದು. ಪ್ರತ್ಯೇಕ ಶಾಲೆ ಸಂವಿಧಾನಬಾಹಿರ ಎಂದು 1954ರ ಮೇ 17ರಂದು ಸುಪ್ರೀಂ ಕೋರ್ಟು ಸಾರಿತು. ಆದರೆ ಯಾವಾಗ ಜಾರಿಗೆ ತರಬೇಕೆಂದು ಹೇಳಲಿಲ್ಲ. ಮರುವರ್ಷದ ಆದೇಶವೂ ಗಡುವು ಹಾಕದೆ, ಯೋಚಿಸಿ ಆದಷ್ಟು ಬೇಗ ಎಂಬರ್ಥದ ಮಾತಿನಲ್ಲಿ ಮುಗಿಯಿತು. ಆ ಸಡಿಲ ಮಾತೇ ವಿರೋಧಿಗಳಿಗೆ ವರವಾಯಿತು. ಕೋರ್ಟುಗಳ ಒತ್ತಡ ತಪ್ಪಿಸಿಕೊಳ್ಳಲಾಗದಂತೆ ಬಂದದ್ದು 1959ರ ಮೇ ತಿಂಗಳಲ್ಲಿ. ಸೂಪರ್‌ವೈಸರ್‌ಗಳು ಜೂನ್‌ನಲ್ಲಿ ಶಾಲೆಯ ಹಣ ನಿಲ್ಲಿಸಿದರು.

ಮುಚ್ಚಿದ್ದು ಎಲ್ಲರ ಶಾಲೆಯನ್ನೂ ತಾನೆ, ಇದರಲ್ಲಿ ಭೇದವೆಲ್ಲಿದೆ ಎಂಬುದು ಅವರ ವಾದ. ಕಾಗದದ ಮೇಲೆ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಬೀಗ ಬೀಳುವ ಹೊತ್ತಿಗೆ ಬಿಳಿಯ ಮಕ್ಕಳಿಗಾಗಿ ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಎಂಬ ಖಾಸಗಿ ಶಾಲೆ ಸಿದ್ಧವಾಗಿತ್ತು. ಮೊದಮೊದಲು ಚರ್ಚುಗಳಲ್ಲಿ, ಸಭಾಭವನಗಳಲ್ಲಿ ಪಾಠ ನಡೆಯಿತು. ಸ್ವಂತ ಕಟ್ಟಡ 1961ರಲ್ಲಿ ಬಂತು. ಅಲ್ಲಿನ ಶುಲ್ಕಕ್ಕೆ ರಾಜ್ಯವೂ ಕೌಂಟಿಯೂ ಸಹಾಯಧನ ಕೊಟ್ಟವು. ಅಕಾಡೆಮಿಗೆ ದೇಣಿಗೆ ಕೊಟ್ಟವರಿಗೆ ಕೌಂಟಿ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ನೀಡಿತು. ಸರ್ಕಾರಿ ಶಾಲೆಗೆ ಇಲ್ಲವಾದ ಹಣ ಇನ್ನೊಂದು ಬಾಗಿಲಿನಿಂದ ಒಳಗೆ ಬಂದಿತ್ತು.

ಹೊರಗುಳಿದ ಕರಿಯ ಮಕ್ಕಳು ಸುಮಾರು 1,700. ಬಡ ಬಿಳಿಯರ ಕೆಲವು ಮಕ್ಕಳೂ ಹೊರಗುಳಿದರು. ಅನುಕೂಲವಿದ್ದವರು ಮಕ್ಕಳನ್ನು ಬೇರೆ ಕೌಂಟಿಗಳ ನೆಂಟರ ಮನೆಗೆ ಕಳಿಸಿದರು. ಪ್ರೌಢಶಾಲೆಯ ಕೆಲವರಿಗೆ ಉತ್ತರ ಕೆರೊಲಿನಾದ ಕಿಟ್ರೆಲ್ ಕಾಲೇಜು ಆಶ್ರಯ ಕೊಟ್ಟಿತು. ಕ್ವೇಕರ್ ಪಂಥದವರು ಹತ್ತಾರು ಮಕ್ಕಳನ್ನು ಬೇರೆ ರಾಜ್ಯಗಳಲ್ಲಿ ಅಪರಿಚಿತರ ಮನೆಗಳಲ್ಲಿಟ್ಟು ಓದಿಸಿದರು. ಉಳಿದ ಬಹಳ ಮಂದಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಒಂದಿಷ್ಟು ಅಕ್ಷರ, ಇಲ್ಲವೇ ಹೊಗೆಸೊಪ್ಪಿನ ಹೊಲ. ಹೊಸ ಮೋಟನ್ ಪ್ರೌಢಶಾಲೆ, 1953ರಲ್ಲಿ ಕಟ್ಟಿದ್ದು, ಬೀಗ ಹಾಕಿಕೊಂಡು ಕಣ್ಣೆದುರಿಗೇ ನಿಂತಿತ್ತು.

ಕರಿಯರಿಗೂ ಒಂದು ಖಾಸಗಿ ಶಾಲೆ ತೆರೆದುಕೊಡುತ್ತೇವೆಂದು ಬಿಳಿಯರು ಮುಂದೆ ಬಂದರು. ಒಪ್ಪಿದ್ದರೆ ಮಕ್ಕಳ ಓದು ಮುಂದುವರಿಯುತ್ತಿತ್ತು. ಪ್ರತ್ಯೇಕತೆಯೂ ಮುಂದುವರಿಯುತ್ತಿತ್ತು, ದಾವೆ ಜೀವ ಕಳೆದುಕೊಳ್ಳುತ್ತಿತ್ತು. ತಂದೆತಾಯಿಯರು ಹೆಚ್ಚುಕಡಿಮೆ ಒಟ್ಟಾಗಿಯೇ ಬೇಡವೆಂದರು. ಹೋರಾಟದ ಇತಿಹಾಸದಲ್ಲಿ ಇಂಥ ನಿರ್ಧಾರಗಳನ್ನು ಒಂದೇ ಸಾಲಿನಲ್ಲಿ ಹೊಗಳಿ ಮುಂದೆ ಹೋಗುವುದುಂಟು. ಆದರೆ ಆ ನಿರ್ಧಾರದ ಬೆಲೆ ತೆತ್ತವರು ಏಳೆಂಟು ವರ್ಷದ ಮಕ್ಕಳು.

ನಾಲ್ಕು ವರ್ಷಗಳ ಬಳಿಕ, 1963ರ ಸೆಪ್ಟೆಂಬರ್‌ನಲ್ಲಿ, ಕೆನಡಿ ಸರ್ಕಾರದ ಒತ್ತಾಸೆಯಿಂದ ದೇಣಿಗೆ ಸಂಗ್ರಹಿಸಿ 'ಫ್ರೀ ಸ್ಕೂಲ್' ಹೆಸರಿನ ಉಚಿತ ಶಾಲೆಗಳನ್ನು ಒಂದು ವರ್ಷದ ಮಟ್ಟಿಗೆ ತೆರೆಯಲಾಯಿತು. ನೀಲ್ ಸಲಿವನ್ ಅವುಗಳ ಮುಖ್ಯಸ್ಥ. ಸುಮಾರು 1,500 ಮಕ್ಕಳು ಬಂದರು, ಬಿಳಿಯರು ಬೆರಳೆಣಿಕೆ. ಹತ್ತು ವರ್ಷದವರಿಗೂ ಪೆನ್ಸಿಲ್ ಹಿಡಿಯುವುದರಿಂದಲೇ ಶುರುಮಾಡಬೇಕಾದಲ್ಲಿ ವಯಸ್ಸಿಗೆ ತಕ್ಕ ತರಗತಿ ಎಂಬುದಕ್ಕೆ ಅರ್ಥವಿರಲಿಲ್ಲ. ಹಾಗಾಗಿ ತರಗತಿಗಳ ವಿಂಗಡಣೆಯನ್ನೇ ಕೈಬಿಟ್ಟರು.

ಅಂತಿಮ ತೀರ್ಪು 1964ರ ಮೇ 25ರಂದು ಬಂತು. ಊರಿನ ಪಾದ್ರಿ, ಹೋರಾಟದ ಮುಂದಾಳು ಫ್ರಾನ್ಸಿಸ್ ಗ್ರಿಫಿನ್ ಅವರ ಮಕ್ಕಳ ಹೆಸರಿನಲ್ಲಿದ್ದ ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಹ್ಯೂಗೊ ಬ್ಲಾಕ್ ತೀರ್ಪು ಬರೆದರು. ಎಲ್ಲರಿಗೂ ಬೀಗ ಹಾಕಿದ್ದೇವೆ ಎಂಬ ಸಮಜಾಯಿಷಿ ಅಲ್ಲಿ ನಿಲ್ಲಲಿಲ್ಲ. ಒಂದು ಕೌಂಟಿಯಲ್ಲಿ ಮಾತ್ರ ಶಾಲೆ ಮುಚ್ಚಿ, ಖಾಸಗಿ ಶಾಲೆಗೆ ಸರ್ಕಾರದ ಹಣ ಕೊಟ್ಟದ್ದರ ಕಾರಣ ಜನಾಂಗಭೇದವೇ ಎಂದಿತು ಕೋರ್ಟು. ಶಾಲೆ ತೆರೆಯಲು ತೆರಿಗೆ ಹಾಕುವಂತೆ ಸೂಪರ್‌ವೈಸರ್‌ಗಳಿಗೆ ಆಜ್ಞೆ ಮಾಡಬಹುದೆಂದೂ ಹೇಳಿತು. ಸರ್ಕಾರಿ ಶಾಲೆಗಳು ಆ ಸೆಪ್ಟೆಂಬರ್‌ನಲ್ಲಿ ತೆರೆದವು. ಬಂದವರು ಹೆಚ್ಚುಕಡಿಮೆ ಎಲ್ಲರೂ ಕರಿಯ ಮಕ್ಕಳೇ. ಬಿಳಿಯರು ಅಕಾಡೆಮಿ ಬಿಡಲಿಲ್ಲ.

ಬಾರ್ಬರಾ ಈ ಬೀಗವನ್ನು ದೂರದಿಂದಲೇ ನೋಡಿದಳು. ಮುಷ್ಕರದ ನಂತರ ಬೆದರಿಕೆಗೆ ಅಂಜಿ ಮನೆಯವರು ಅವಳನ್ನು ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಪಾದ್ರಿಯಾಗಿದ್ದ ದೊಡ್ಡಪ್ಪ ವರ್ನನ್ ಜಾನ್ಸ್ ಅವರ ಬಳಿಗೆ ಕಳಿಸಿದ್ದರು. ಆ ಚರ್ಚಿಗೆ ಅವರ ನಂತರ ಬಂದವರು ಮಾರ್ಟಿನ್ ಲೂಥರ್ ಕಿಂಗ್. ಬಾರ್ಬರಾ ಮುಂದೆ ಫಿಲಡೆಲ್ಫಿಯಾದಲ್ಲಿ ಗ್ರಂಥಪಾಲಕಿಯಾಗಿ ಕೆಲಸ ಮಾಡಿ 1991ರಲ್ಲಿ ತೀರಿಕೊಂಡರು. ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ವರ್ಜೀನಿಯಾದ ಪರವಾಗಿ ನಿಂತಿದ್ದ ಜನರಲ್ ರಾಬರ್ಟ್ ಲೀ ಪ್ರತಿಮೆಯನ್ನು 2020ರಲ್ಲಿ ತೆಗೆದಾಗ, ಆ ಸ್ಥಾನಕ್ಕೆ ಆಯ್ಕೆಯಾದದ್ದು ಅವರ ಹೆಸರು. ಹಳೆಯ ಮೋಟನ್ ಶಾಲೆ ಈಗ ವಸ್ತುಸಂಗ್ರಹಾಲಯ.

ಶಾಲೆ ತಪ್ಪಿಹೋದವರಿಗೆ 2003ರಲ್ಲಿ ಗೌರವ ಡಿಪ್ಲೊಮಾ ಕೊಟ್ಟರು. ಮರುವರ್ಷ ರಾಜ್ಯ ಶಾಸನಸಭೆ ಅವರಿಗೆಂದೇ ವಿದ್ಯಾರ್ಥಿವೇತನ ಏರ್ಪಡಿಸಿತು. ಉದ್ಯಮಿ ಜಾನ್ ಕ್ಲೂಗಿ 10 ಲಕ್ಷ ಡಾಲರ್ ಸೇರಿಸಿದರು. ಬೀಗ ಬಿದ್ದಾಗ ಒಂದನೇ ತರಗತಿಗೆ ಸೇರಬೇಕಿದ್ದ ಮಕ್ಕಳಿಗೆ ಆಗ ಐವತ್ತು ದಾಟಿತ್ತು. ಪ್ರೌಢಶಾಲೆಗೆ ಸಮನಾದ ಪರೀಕ್ಷೆಗೆ ಓದುವವರಿಗೂ ಆ ಹಣ ದೊರೆಯುವಂತೆ ನಿಯಮ ಮಾಡಲಾಗಿತ್ತು.