ಸಾಲ್ಮನ್ನಿನ ಚಿತ್ರವೂ ಪ್ರಾಣವೂ

1922ನೆಯ ಇಸವಿಯ ಅಕ್ಟೋಬರ್ 7ರಂದು ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬಾಕೆ, ತಂದೆಯು ದೋಣಿ ನಡೆಸುತ್ತಿರಲು, ಎರಡು ಗಂಟೆಗಳಷ್ಟು ಕಾಲ ಸೆಣಸಿ ಹಿಡಿದ 64 ಪೌಂಡು ತೂಕದ ಸಾಲ್ಮನ್ ಮೀನು, ಬ್ರಿಟನ್ನಿನಲ್ಲಿ ಗಾಳಕ್ಕೆ ಸಿಕ್ಕಿದ ಸಾಲ್ಮನ್‌ಗಳಲ್ಲೆಲ್ಲ ಅತಿ ದೊಡ್ಡದೆಂಬ ಕೀರ್ತಿಯನ್ನು ಇಂದಿಗೂ ಉಳಿಸಿಕೊಂಡಿದೆ. ಹಿಡಿದ ಮೀನನ್ನು ಕೊಂದು ತಕ್ಕಡಿಗೇರಿಸುವುದೇ ಗೆಲವಿನ ಪ್ರಮಾಣವೆನಿಸಿದ್ದ ಕಾಲವದು. ಈಗಲಾದರೋ ಅದೇ ನಾಡಿನಲ್ಲಿ ಗಾಳಕ್ಕೆ ಸಿಕ್ಕಿದ ಹತ್ತರಲ್ಲಿ ಒಂಬತ್ತಕ್ಕೂ ಮಿಕ್ಕ ಸಾಲ್ಮನ್‌ಗಳು ಜೀವಂತವಾಗಿ ಹೊಳೆಗೆ ಮರಳುತ್ತವೆ; ಏಪ್ರಿಲ್ 1ಕ್ಕೆ ಮೊದಲು ಸಿಕ್ಕಿದ್ದನ್ನು ಬಿಟ್ಟುಬಿಡತಕ್ಕದ್ದೆಂದು ಕಾನೂನೇ ವಿಧಿಸಿದೆ. ಹೀಗಾಗಿ ಹಿಡಿದವನಿಗೆ ದಕ್ಕುವುದು ಚಿತ್ರವೊಂದೇ. ಆದರೆ ಕೊಲೆಗೆ ಬದಲಾಗಿ ಬಂದ ಆ ಚಿತ್ರವೇ ಅಜಾಗರೂಕನ ಕೈಯಲ್ಲಿ ಕೊಲೆಗೆ ಕಾರಣವಾಗಬಲ್ಲುದು.

ಇದರ ಮರ್ಮವು ಮೀನಿನ ಜೀವನಕ್ರಮದಲ್ಲಿಯೇ ಇದೆ. ಹೊಳೆಯಲ್ಲಿ ಹುಟ್ಟಿ, ಅಟ್ಲಾಂಟಿಕ್ ಸಾಗರದಲ್ಲಿ ಬೆಳೆದು, ತವರುಹೊಳೆಗೆ ಹಿಂದಿರುಗುವ ಸಾಲ್ಮನ್ ನದೀಮುಖವನ್ನು ಹೊಕ್ಕಮೇಲೆ ಆಹಾರವನ್ನು ಮುಟ್ಟುವುದಿಲ್ಲ. ಚಳಿಗಾಲದ ಮೊದಲಲ್ಲಿ ಜಲ್ಲಿಯ ತಳವನ್ನು ತೋಡಿ ಮೊಟ್ಟೆಯಿಡುವವರೆಗೂ ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಅದು ಬಾಳಬೇಕು. ಗಾಳದೊಡನೆ ಸೆಣಸುವಾಗ ವ್ಯಯವಾದ ಶಕ್ತಿಯನ್ನು ಉಂಡು ತುಂಬಿಕೊಳ್ಳುವ ಉಪಾಯ ಅದಕ್ಕಿಲ್ಲ. ಹೆಣ್ಣುಮೀನು ದೊಡ್ಡದಾದಷ್ಟೂ ಮೊಟ್ಟೆಗಳ ಸಂಖ್ಯೆ ಅಧಿಕವಾದುದರಿಂದ, ಯಾವ ಮೀನಿನ ಚಿತ್ರಕ್ಕೆ ಮನಸ್ಸು ಹೆಚ್ಚು ಆಸೆಪಡುವುದೋ ಆ ಮೀನೇ ಸಂತತಿಗೆ ಹೆಚ್ಚು ಬೇಕಾದದ್ದು.

ನೀರಿನಿಂದ ಹೊರಬಂದೊಡನೆ ಕಿವಿರಿನ ತೆಳುಪದರಗಳು ಒಂದಕ್ಕೊಂದು ಅಂಟಿಕೊಂಡು ಉಸಿರಾಟ ನಿಂತುಹೋಗುತ್ತದೆ. ಸಾಲ್ಮನ್ನಿನ ದಾಯಾದಿಯಾದ ರೇನ್‌ಬೋ ಟ್ರೌಟ್ ಮೀನನ್ನು ಕುರಿತು ಕೆನಡಾದ ವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಣಿಸಿ ನೀರಿನಲ್ಲಿಯೇ ಉಳಿಸಿದ ಮೀನುಗಳಲ್ಲಿ ನೂರಕ್ಕೆ 12 ಸತ್ತರೆ, ದಣಿದಮೇಲೆ ಅರ್ಧ ನಿಮಿಷ ಗಾಳಿಯಲ್ಲಿದ್ದವುಗಳಲ್ಲಿ 38, ಪೂರ್ಣ ಒಂದು ನಿಮಿಷವಿದ್ದವುಗಳಲ್ಲಿ 72 ಅಸುನೀಗಿದವು. ಚಿತ್ರಕ್ಕೆಂದು ನಿಂತವರಿಗೆ ಒಂದು ನಿಮಿಷವು ಏನೇನೂ ಅಲ್ಲವೆನಿಸುವುದು ಸಹಜ. ಮೀನಿಗೆ ಅದು ಆಯುಷ್ಯದ ಪ್ರಶ್ನೆ.

ಆದುದರಿಂದ ಬಲ್ಲವರು ಹಿಮ್ಮುಳ್ಳಿಲ್ಲದ ಗಾಳವನ್ನೂ, ಮೀನನ್ನು ವೃಥಾ ದಣಿಸದೆ ಬೇಗನೆ ಹತ್ತಿರಕ್ಕೆ ತರಬಲ್ಲ ಗಟ್ಟಿಯಾದ ದಾರವನ್ನೂ ಬಳಸುತ್ತಾರೆ. ಬಾಲ ಹಿಡಿದು ಕಲ್ಲುದಡಕ್ಕೆ ಎಳೆಯುವ ಹಳೆಯ ವಾಡಿಕೆಯನ್ನು ಬಿಟ್ಟು, ಗಂಟಿಲ್ಲದ ಹೆಣಿಗೆಯ ಅಗಲವಾದ ಕೈಬಲೆಯಲ್ಲಿ ಮೀನನ್ನು ನೀರೊಳಗೇ ತಂಗಿಸಿ, ಇಕ್ಕಳದಿಂದ ಗಾಳವನ್ನು ಬಿಡಿಸುತ್ತಾರೆ. ಗಂಟಲಾಳಕ್ಕೆ ಇಳಿದಿದ್ದರೆ ಕೀಳದೆ ದಾರವನ್ನು ಕತ್ತರಿಸುತ್ತಾರೆ. ಒಣಗಿದ ಕೈ ತಗುಲಿದರೆ ಮೈಯ ಲೋಳೆ ಕಳಚಿ ಬೂಷ್ಟುರೋಗಕ್ಕೆ ದಾರಿಯಾಗುವುದರಿಂದ, ಮುಟ್ಟುವ ಮೊದಲು ಕೈಯನ್ನು ಒದ್ದೆಮಾಡಿಕೊಳ್ಳುವುದು ಮೊದಲ ನಿಯಮ.

ಇನ್ನು ಚಿತ್ರದ ಮಾತು. ಬೆಳಕು, ದೂರ, ಕೋನ ಇವೆಲ್ಲವೂ ಮೀನು ಇನ್ನೂ ಬಲೆಯೊಳಗೆ ಉಸಿರಾಡುತ್ತಿರುವಾಗಲೇ ನಿಶ್ಚಿತವಾಗಿರಬೇಕು. ಹಿಡಿದವನು ನೀರಿನಲ್ಲಿ ಮಂಡಿಯೂರಿ, ಒಂದು ಕೈಯಿಂದ ಬಾಲದ ಬುಡವನ್ನು ಹಿಡಿದು, ಇನ್ನೊಂದನ್ನು ಎದೆಯ ಈಜುರೆಕ್ಕೆಗಳ ಕೆಳಗೆ ಆಸರೆಯಾಗಿರಿಸಿ, ಛಾಯಾಗ್ರಾಹಕನು ಹೇಳಿದೊಡನೆ ಮೀನನ್ನು ಅರ್ಧದಷ್ಟು ಮೇಲೆತ್ತಿ, ಮೈಯ ನೀರು ತೊಟ್ಟಿಕ್ಕುತ್ತಿರುವಷ್ಟರಲ್ಲಿಯೇ ಇಳಿಸಬೇಕು. ಬಾಲ ಹಿಡಿದು ತೂಗಾಡಿಸುವುದೂ, ಕಿವಿರಿನೊಳಗೆ ಬೆರಳು ತೂರಿಸುವುದೂ ಸರ್ವಥಾ ನಿಷಿದ್ಧ. ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ತಗ್ಗಿಸಿದರೆ, ಎತ್ತದೆ ತೆಗೆದ ಚಿತ್ರದಲ್ಲಿಯೂ ಮೀನಿನ ಗಾತ್ರ ಗಾಂಭೀರ್ಯಗಳು ಕುಗ್ಗುವುದಿಲ್ಲ. ತಕ್ಕಡಿಯಂತೂ ಬೇಕಿಲ್ಲ, ನೀರಿನಲ್ಲಿಯೇ ಉದ್ದವನ್ನು ಅಳೆದರೆ ತೂಕವನ್ನು ಕೋಷ್ಟಕದಿಂದ ಅಂದಾಜು ಮಾಡಬಹುದು. ಬಿಡುವಾಗ ತಲೆಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು, ಹಿಂದುಮುಂದಾಗಿ ತಳ್ಳಾಡದೆ, ಅದು ತಾನಾಗಿ ಕೈಯಿಂದ ಜಾರುವವರೆಗೂ ಕಾಯತಕ್ಕದ್ದು.

ಬೆಚ್ಚನೆಯ ನೀರಿನಲ್ಲಿ ಪ್ರಾಣವಾಯು ಕಡಿಮೆಯಾದುದರಿಂದ, ನದಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೇರಿದಾಗ ವಿವೇಕಿಯಾದವನು ಚಿತ್ರವನ್ನಷ್ಟೇ ಅಲ್ಲ, ಗಾಳವನ್ನೇ ಬದಿಗಿಡುತ್ತಾನೆ. ಮೀನಿನ ಕಿವಿರಿನಿಂದ ರಕ್ತ ಒಸರುತ್ತಿದ್ದರೆ ಯಾವ ಋತುವಿನಲ್ಲಿಯೂ ಕ್ಯಾಮೆರಾವನ್ನು ಹೊರತೆಗೆಯುವುದಿಲ್ಲ. ಒಂದು ಕಾಲಕ್ಕೆ ಭೀಮೇಶ್ವರಿಯ ಬಳಿ ಕಾವೇರಿಯ ಮಹಸೀರ್ ಮೀನನ್ನು ಹಿಡಿದು ಬಿಡುತ್ತಿದ್ದುದನ್ನು ಬಲ್ಲ ನಮ್ಮವರಿಗೂ ಈ ಸಂಯಮ ಹೊಸತಲ್ಲ. ಮೀನನ್ನು ಬಿಟ್ಟೆನೆಂಬ ಹೆಮ್ಮೆ ಸಲ್ಲಬೇಕಾದದ್ದು, ಬಿಟ್ಟ ಮೀನು ಬದುಕಿ ಮೊಟ್ಟೆಯಿಡುವಂತೆ ನಡೆದುಕೊಂಡವನಿಗೆ ಮಾತ್ರ.