ಬರೆದವ ಊರು ಬಿಟ್ಟ, ಲೆಕ್ಕ ಉಳಿಯಿತು

ಸೊಲ್ಲಾಪುರ: ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಪಕ್ಕದಲ್ಲಿ ಕರಕರ ಸಪ್ಪಳದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಇಂಥ ಕಂಪ್ಯೂಟರ್ ಇನ್ನೂ ಇಟ್ಟುಕೊಂಡ ಅಡತ್ ಅಂಗಡಿ, ಪತಸಂಸ್ಥೆಗಳು ಈಗಲೇ ಎಚ್ಚರಗೊಳ್ಳುವುದು ಒಳ್ಳೆಯದು. ಅದು ಕೆಟ್ಟಿತೆಂದು ಹೊಸದು ತಂದರೆ ಹಳೆಯ ಪ್ರೋಗ್ರಾಂ ಅದರಲ್ಲಿ ನೇರವಾಗಿ ನಡೆಯುವುದಿಲ್ಲ.

1990ರ ದಶಕದಲ್ಲಿ ಕೀರ್ದಿ-ಖತಾವಣಿ ಬಿಟ್ಟು ಕಂಪ್ಯೂಟರಿಗೆ ಹೊರಳಿದವರು ಬಹಳ ಕಡೆ ಬರೆಸಿಕೊಂಡದ್ದು ಫಾಕ್ಸ್‌ಪ್ರೊ ಪ್ರೋಗ್ರಾಂ. ಫಾಕ್ಸ್ ಸಾಫ್ಟ್‌ವೇರ್ ಕಂಪನಿಯನ್ನು 1992ರಲ್ಲಿ ಕೊಂಡ ಮೈಕ್ರೋಸಾಫ್ಟ್, ಇನ್ನು ಹೊಸ ಆವೃತ್ತಿ ಇಲ್ಲವೆಂದು 2007ರಲ್ಲಿ ಸಾರಿತು. 2015ರ ಜನವರಿಯಲ್ಲಿ ಬೆಂಬಲವೂ ನಿಂತಿತು. ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ 64 ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. 32 ಬಿಟ್ ಸಿಗುತ್ತಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಾಸ್‌ಬಾಕ್ಸ್ ಹಾಕಿ ನಡೆಸಬಹುದು, ಆದರೆ ಅದು ಊರುಗೋಲು ಅಷ್ಟೇ.

ಮುನೀಮರ ಹತ್ರ ಈ ಮಾತು ತೆಗೆದರೆ 'ನಡದೈತಲ್ಲ, ಯಾಕ ಮುಟ್ಟಬೇಕು?' ಅನ್ನುವವರೇ ಹೆಚ್ಚು. ಅವರ ಅಂಜಿಕೆಯೂ ಸುಳ್ಳಲ್ಲ. ಬಡ್ಡಿಗೆ ವರ್ಷಕ್ಕೆ 360 ದಿನವೋ 365 ದಿನವೋ, ಪೈಸೆ ಎಲ್ಲಿ ಬಿಡಬೇಕು, ಹಮಾಲಿ-ತೊಲಾಯಿ ಎಷ್ಟು ಹಿಡಿಯಬೇಕು ಎಂಬುದೆಲ್ಲ ಪ್ರೋಗ್ರಾಂ ಒಳಗೇ ಕುಳಿತಿದೆ. ಬರೆದ ಹುಡುಗ ಪುಣೆಗೋ ಬೆಂಗಳೂರಿಗೋ ಹೋಗಿ ಎಷ್ಟೋ ವರ್ಷ. ಅವನು ಪಿಆರ್‌ಜಿ ಎಂಬ ಮೂಲ ಕಡತ ಕೊಟ್ಟು ಹೋಗಿರದಿದ್ದರೆ ತಿದ್ದುವುದೂ ಕಷ್ಟ. 2005ರಲ್ಲಿ ವ್ಯಾಟ್, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಮೂಲ ಕಡತ ಇಲ್ಲದವರಿಗೆ ಈ ತೊಡಕು ಎದುರಾಗಿತ್ತು.

ಗಡಿಭಾಗಕ್ಕೆ ಇನ್ನೊಂದು ಗೋಜಲು ಉಂಟು. ಮರಾಠಿ ರೂಢಿಯಲ್ಲಿ ಅಡ್ಡಹೆಸರು ಮೊದಲು, ಕನ್ನಡದವರಲ್ಲಿ ಬಹಳ ಸಲ ಕೊನೆಗೆ. ಇಂಗ್ಲಿಷ್ ಅಕ್ಷರದಲ್ಲಿ 'ಹಿರೇಮಠ' ಎಂದು ಒಬ್ಬೊಬ್ಬರು ಒಂದೊಂದು ಥರ ಬರೆದರೆ ಒಬ್ಬನೇ ಗಿರಾಕಿ ಇಬ್ಬರಾಗುತ್ತಾನೆ. ಹಳೆಯ ಫಾಂಟ್‌ನಲ್ಲಿ ಕನ್ನಡ, ಮರಾಠಿ ಹೊಡೆದಿದ್ದರೆ ಅದು ಯೂನಿಕೋಡ್ ಅಲ್ಲ. ಪರಿವರ್ತಿಸದೆ ತೆರೆದರೆ ಅರ್ಥವಿಲ್ಲದ ಗುರುತುಗಳಷ್ಟೇ ಕಾಣುತ್ತವೆ.

ಸಮಾಧಾನದ ಸಂಗತಿ ಎಂದರೆ, ಪ್ರೋಗ್ರಾಂ ನಿಂತರೂ ಲೆಕ್ಕ ಸಾಯುವುದಿಲ್ಲ. ಖಾತೆಗಳು ಇರುವುದು ಡಿಬಿಎಫ್ ಕಡತಗಳಲ್ಲಿ. ಅವನ್ನು ಎಕ್ಸೆಲ್ ಇಲ್ಲವೇ ಉಚಿತ ಲಿಬ್ರೆಆಫೀಸ್ ತೆರೆಯುತ್ತದೆ. ಉದ್ದ ಟಿಪ್ಪಣಿಗಳು ಎಫ್‌ಪಿಟಿ ಕಡತದಲ್ಲಿ ಇರುವುದರಿಂದ ಫೋಲ್ಡರ್ ಇಡಿಯಾಗಿ ನಕಲು ಮಾಡಿ, ಎರಡು ಕಡೆ ಇಡಬೇಕು. ಹಳೆಯ ಮಷೀನ್ ಇನ್ನೂ ಚಾಲೂ ಇರುವಾಗಲೇ ಬಾಕಿ ಪಟ್ಟಿ ಪ್ರಿಂಟ್ ತೆಗೆದು, ಬಡ್ಡಿಯ ನಿಯಮಗಳನ್ನು ಮುನೀಮರಿಂದ ವಹಿಯಲ್ಲಿ ಬರೆಸಿಕೊಳ್ಳಬೇಕು.

ಹೊಸದು ಬಂದ ಮೇಲೂ ಮೂರು ತಿಂಗಳು ಎರಡೂ ಕಡೆ ನಮೂದಿಸಿ ತಾಳೆ ನೋಡುವುದು ಲೇಸು. ಪಿಗ್ಮಿ ಕಟ್ಟುವ ತರಕಾರಿ ಅಮ್ಮನ ಬಡ್ಡಿಯಲ್ಲಿ ಐದು ರೂಪಾಯಿ ಕಡಿಮೆಯಾದರೆ ಆಕೆ ಕಂಪ್ಯೂಟರನ್ನು ಬೈಯುವುದಿಲ್ಲ, ಸಂಸ್ಥೆಯ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾಳೆ.